ಭತ್ತ ಬಾಡುವ ಬಿಸಿಲಿನಲ್ಲಿ ರಾಗಿ ನಿಲ್ಲುವುದು ಹೇಗೆ? ಎಲೆಯೊಳಗೆ ಬಿಸಿಲು ಆಹಾರವಾಗುವ ಬಗೆ

2023ನೇ ಇಸವಿಯನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿತ್ತು. ಅದೇ ವರ್ಷ ಮುಂಗಾರು ಕೈಕೊಟ್ಟು, ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ನಾಲೆಯಲ್ಲಿ ನೀರಿಲ್ಲದಾಗ ಭತ್ತದ ಬದಲು ರಾಗಿ ಹಾಕಿ, ಜೋಳ ಹಾಕಿ ಎಂಬ ಸಲಹೆ ಪ್ರತಿ ಬರದಲ್ಲೂ ಕೇಳಿಬರುತ್ತದೆ. ರಾಗಿಗೆ ಕಡಿಮೆ ನೀರು ಸಾಕು ಎಂಬುದು ನಮ್ಮ ಬಯಲುಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ಅದೇ ಮಣ್ಣು, ಅದೇ ಬಿಸಿಲು ಇದ್ದೂ ಒಂದು ಪೈರು ಬಾಡಿ ಇನ್ನೊಂದು ನಿಲ್ಲುವುದೇಕೆ? ಇದಕ್ಕೆ ಉತ್ತರದ ಒಂದು ಪಾಲು ಬೇರಿನಲ್ಲಿದೆ. ದೊಡ್ಡ ಪಾಲು ಎಲೆಯಲ್ಲಿದೆ. ಶಾಲೆಯಲ್ಲಿ ನಾವೆಲ್ಲ ಒಂದು ಸಮೀಕರಣವಾಗಿ ಬಾಯಿಪಾಠ ಮಾಡಿ ಮರೆತುಬಿಟ್ಟ ದ್ಯುತಿಸಂಶ್ಲೇಷಣೆಯಲ್ಲಿದೆ.

ಗಿಡದ ಮೈ ಎಲ್ಲಿಂದ ಬಂತು?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಮಾಡಿಕೊಳ್ಳೋಣ. ಗಿಡ ಮಣ್ಣನ್ನು ತಿಂದು ಬೆಳೆಯುತ್ತದೆ ಎಂದು ಬಹಳ ಜನ ಈಗಲೂ ನಂಬಿದ್ದಾರೆ. 17ನೇ ಶತಮಾನದಲ್ಲಿ, ಇಂದಿನ ಬೆಲ್ಜಿಯಂನಲ್ಲಿದ್ದ ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಇದನ್ನು ತೂಗಿ ನೋಡಿದ. 200 ಪೌಂಡ್ ಒಣಮಣ್ಣನ್ನು ಕುಂಡಕ್ಕೆ ತುಂಬಿ, ಐದು ಪೌಂಡ್ ತೂಕದ ವಿಲೋ ಸಸಿಯನ್ನು ನೆಟ್ಟು, ಐದು ವರ್ಷ ನೀರನ್ನು ಬಿಟ್ಟು ಬೇರೇನನ್ನೂ ಹಾಕಲಿಲ್ಲ. ಕೊನೆಗೆ ಮರದ ತೂಕ 169 ಪೌಂಡ್ ದಾಟಿತ್ತು. ಮಣ್ಣಿನಲ್ಲಿ ಕಡಿಮೆಯಾಗಿದ್ದು ಸುಮಾರು ಎರಡು ಔನ್ಸ್, ಅಂದರೆ 60 ಗ್ರಾಮಿಗೂ ಕಡಿಮೆ.

ಹಾಗಾದರೆ ಮರವೆಲ್ಲ ನೀರಿನಿಂದಲೇ ಆಯಿತು ಎಂದು ಅವನು ತೀರ್ಮಾನಿಸಿದ. ಅದು ಅರ್ಧ ಸತ್ಯ. ಗಾಳಿಯೂ ಇದರಲ್ಲಿ ಪಾಲುದಾರ ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ. ಗಿಡದ ಒಣ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ 45 ಭಾಗ ಇಂಗಾಲ. ಅದರಲ್ಲಿ ಬಹುಮಟ್ಟಿಗೆ ಎಲ್ಲವೂ ಬರುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್‌ನಿಂದ. ಒಂದು ಹೊರೆ ಸೌದೆಯನ್ನು ಪೂರ್ತಿ ಉರಿಸಿದರೆ ಉಳಿಯುವ ಬೂದಿಯನ್ನು ನೋಡಿ. ಮಣ್ಣು ಕೊಟ್ಟದ್ದು ಬಹುಪಾಲು ಅಷ್ಟೇ, ಜೊತೆಗೆ ಹೊಗೆಯೊಂದಿಗೆ ಹೋದ ಸಾರಜನಕ. ಮಿಕ್ಕಿದ್ದೆಲ್ಲ ಗಾಳಿ ಮತ್ತು ನೀರಿನಿಂದ ಬಂದಿತ್ತು, ಉರಿದಾಗ ಅಲ್ಲಿಗೇ ಮರಳಿತು. (ಭತ್ತದ ಹೊಟ್ಟು ಉರಿಸಿದಾಗ ಬೂದಿ ಇದಕ್ಕಿಂತ ಬಹಳ ಹೆಚ್ಚು ಉಳಿಯುತ್ತದೆ. ಭತ್ತ ಮಣ್ಣಿನಿಂದ ಸಿಲಿಕಾವನ್ನು ಹೇರಳವಾಗಿ ಹೀರಿ ಹೊಟ್ಟಿನಲ್ಲಿ ತುಂಬಿಕೊಳ್ಳುವುದೇ ಇದಕ್ಕೆ ಕಾರಣ.)

ಮಣ್ಣಿನ ಪಾಲು ಸಣ್ಣದಾದರೂ ಅದಿಲ್ಲದೆ ನಡೆಯುವುದಿಲ್ಲ. ಸಾರಜನಕ, ಮೆಗ್ನೀಸಿಯಂ, ಮ್ಯಾಂಗನೀಸ್ ಇವೆಲ್ಲ ಎಲೆಯ ಒಳಗೆ ಎಲ್ಲೆಲ್ಲಿ ಕೆಲಸಕ್ಕೆ ಬರುತ್ತವೆ ಎಂಬುದನ್ನು ಮುಂದೆ ನೋಡೋಣ.

ಲೋಟದ ನೀರಿನಲ್ಲಿ ಏಳುವ ಗುಳ್ಳೆ

ದ್ಯುತಿಸಂಶ್ಲೇಷಣೆಯನ್ನು ಕಣ್ಣಾರೆ ನೋಡಲು ಪ್ರಯೋಗಾಲಯವೇ ಬೇಕೆಂದಿಲ್ಲ. ಕೆರೆಯಲ್ಲಿ ನೀರಿನೊಳಗೆ ಬೆಳೆಯುವ ಹೈಡ್ರಿಲಾ ಗಿಡದ ಒಂದು ಎಳೆಯನ್ನು ತಂದು, ಗಾಜಿನ ಲೋಟದಲ್ಲಿ ನೀರು ತುಂಬಿ, ಕತ್ತರಿಸಿದ ತುದಿ ಮೇಲಿರುವಂತೆ ಮುಳುಗಿಸಿ ಬಿಸಿಲಿಗಿಡಿ. ಸ್ವಲ್ಪ ಹೊತ್ತಿಗೆ ಕಾಂಡದ ತುದಿಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳತೊಡಗುತ್ತವೆ. ಲೋಟವನ್ನು ನೆರಳಿಗೆ ಸರಿಸಿದರೆ ಗುಳ್ಳೆಗಳ ನಡುವಿನ ಅಂತರ ಹೆಚ್ಚುತ್ತದೆ, ಕತ್ತಲೆಯಲ್ಲಿಟ್ಟರೆ ನಿಂತುಹೋಗುತ್ತವೆ. ಬಿಸಿಲಿಗೆ ಮರಳಿ ತಂದು ಚಿಟಿಕೆ ಅಡುಗೆ ಸೋಡ ಕರಗಿಸಿದರೆ ಮೊದಲಿಗಿಂತ ಬಿರುಸಾಗಿ ಏಳುತ್ತವೆ, ಏಕೆಂದರೆ ಸೋಡದಿಂದ ಗಿಡಕ್ಕೆ ಬೇಕಾದ ಇಂಗಾಲ ನೀರಿನಲ್ಲಿ ಹೆಚ್ಚಾಗುತ್ತದೆ. ಜಗದೀಶಚಂದ್ರ ಬೋಸ್ ಕೋಲ್ಕತ್ತದಲ್ಲಿ ಇದೇ ಹೈಡ್ರಿಲಾದ ಮೇಲೆ ಪ್ರಯೋಗ ನಡೆಸಿ, ದ್ಯುತಿಸಂಶ್ಲೇಷಣೆಯ ವೇಗವನ್ನು ತಾನಾಗಿ ದಾಖಲಿಸುವ ಉಪಕರಣವನ್ನು ರೂಪಿಸಿದ್ದರು.

ಆ ಗುಳ್ಳೆಗಳಲ್ಲಿ ಇರುವುದು ಮುಖ್ಯವಾಗಿ ಆಮ್ಲಜನಕ. 1779ರಲ್ಲಿ ಯಾನ್ ಇಂಗೆನ್‌ಹೌಸ್ ಎಂಬ ವೈದ್ಯ ನೀರಿನಲ್ಲಿ ಮುಳುಗಿಸಿದ ಎಲೆಗಳ ಮೇಲೆ ಇಂಥ ಗುಳ್ಳೆಗಳನ್ನು ಗಮನಿಸಿ, ಗಿಡದ ಹಸಿರು ಭಾಗ ಮಾತ್ರ, ಅದೂ ಬೆಳಕಿದ್ದಾಗ ಮಾತ್ರ ಗಾಳಿಯನ್ನು ಶುದ್ಧಗೊಳಿಸುತ್ತದೆ ಎಂದು ತೋರಿಸಿಕೊಟ್ಟ. ಆದರೆ ಈ ಆಮ್ಲಜನಕ ಎಲ್ಲಿಂದ ಬರುತ್ತದೆ? ಇಂಗಾಲದ ಡೈಆಕ್ಸೈಡ್ ಒಡೆದು ಬರುತ್ತದೆ ಎಂದೇ ಬಹುಕಾಲ ನಂಬಲಾಗಿತ್ತು. 1941ರಲ್ಲಿ ಸ್ಯಾಮ್ ರೂಬೆನ್, ಮಾರ್ಟಿನ್ ಕಾಮೆನ್ ಮತ್ತು ಸಂಗಡಿಗರು ತುಸು ಭಾರವಾದ ಆಮ್ಲಜನಕವಿದ್ದ ನೀರನ್ನು ಪಾಚಿಗೆ ಕೊಟ್ಟು, ಹೊರಬರುವ ಆಮ್ಲಜನಕ ನೀರಿನದೇ ಎಂದು ಖಚಿತಪಡಿಸಿದರು. ನಾವು ಈಗ ಎಳೆದುಕೊಳ್ಳುತ್ತಿರುವ ಉಸಿರಿನ ಆಮ್ಲಜನಕವೂ ಹೀಗೆ ಒಡೆದ ನೀರಿನಿಂದಲೇ ಬಂದದ್ದು.

ಎರಡು ಹಂತಗಳ ಕೆಲಸ

ಶಾಲೆಯ ಸಮೀಕರಣ ಹೇಳುವುದಿಷ್ಟು: ಆರು ಅಣು ಇಂಗಾಲದ ಡೈಆಕ್ಸೈಡ್, ಆರು ಅಣು ನೀರು ಬೆಳಕಿನ ನೆರವಿನಿಂದ ಒಂದು ಅಣು ಗ್ಲೂಕೋಸ್ ಸಕ್ಕರೆಯಾಗುತ್ತವೆ, ಆರು ಅಣು ಆಮ್ಲಜನಕ ಹೊರಬೀಳುತ್ತದೆ. ಲೆಕ್ಕ ಸರಿ. ಆದರೆ ಇದು ಒಂದೇ ಏಟಿಗೆ ನಡೆಯುವ ಕ್ರಿಯೆಯಲ್ಲ. ಎರಡು ಹಂತಗಳಿವೆ, ಎರಡರ ಕೆಲಸವೂ ಬೇರೆ.

ಮೊದಲ ಹಂತಕ್ಕೆ ಬೆಳಕು ಬೇಕೇ ಬೇಕು. ಎಲೆಯ ಜೀವಕೋಶಗಳಲ್ಲಿ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳಿವೆ, ಅವುಗಳಲ್ಲಿ ಪತ್ರಹರಿತ್ತು ಎಂಬ ವರ್ಣದ್ರವ್ಯವಿದೆ. ಪತ್ರಹರಿತ್ತು ಬಿಸಿಲಿನಲ್ಲಿರುವ ಕೆಂಪು ಮತ್ತು ನೀಲಿ ಬಣ್ಣಗಳನ್ನು ಚೆನ್ನಾಗಿ ಹೀರುತ್ತದೆ, ಹಸಿರನ್ನು ಅಷ್ಟಾಗಿ ಹೀರುವುದಿಲ್ಲ. ಎಲೆ ನಮ್ಮ ಕಣ್ಣಿಗೆ ಹಸಿರಾಗಿ ಕಾಣುವುದು ಇದರಿಂದಲೇ. ಪತ್ರಹರಿತ್ತಿನ ಅಣುವಿನ ನಡುವೆ ಒಂದು ಮೆಗ್ನೀಸಿಯಂ ಪರಮಾಣು, ಅದರ ಸುತ್ತ ನಾಲ್ಕು ಸಾರಜನಕದ ಪರಮಾಣುಗಳು ಇರುತ್ತವೆ. ಯೂರಿಯಾ ಹಾಕಿದ ಮೇಲೆ ಪೈರು ಕಡುಹಸಿರಾಗುವುದಕ್ಕೂ, ಮೆಗ್ನೀಸಿಯಂ ಕೊರತೆಯಾದಾಗ ಹಳೆಯ ಎಲೆಗಳು ನರ ಬಿಟ್ಟು ನಡುವೆ ಹಳದಿಯಾಗುವುದಕ್ಕೂ ಇಲ್ಲಿ ಕಾರಣ ಸಿಗುತ್ತದೆ.

ಬೆಳಕು ಬಿದ್ದಾಗ ಪತ್ರಹರಿತ್ತಿನಿಂದ ಎಲೆಕ್ಟ್ರಾನ್‌ಗಳು ಕಿತ್ತು ಹೊರಡುತ್ತವೆ. ಖಾಲಿಯಾದ ಜಾಗವನ್ನು ತುಂಬಲು ನೀರಿನ ಅಣು ಒಡೆಯುತ್ತದೆ. ನೀರನ್ನು ಒಡೆಯುವುದು ಸುಲಭದ ಮಾತಲ್ಲ. ನಾಲ್ಕು ಮ್ಯಾಂಗನೀಸ್ ಮತ್ತು ಒಂದು ಕ್ಯಾಲ್ಸಿಯಂ ಪರಮಾಣು ಸೇರಿದ ಸಣ್ಣ ಗೊಂಚಲೊಂದು ಗಿಡದಲ್ಲಿ ಅದನ್ನು ಮಾಡುತ್ತದೆ. ಆಮ್ಲಜನಕ ಹೊರಗೆ ಹೋಗುತ್ತದೆ. ಹೊರಟ ಎಲೆಕ್ಟ್ರಾನ್‌ಗಳ ಶಕ್ತಿ ಎಟಿಪಿ ಮತ್ತು ಎನ್‌ಎಡಿಪಿಎಚ್ ಎಂಬ ಎರಡು ಅಣುಗಳಲ್ಲಿ ಕೂಡಿಕೊಳ್ಳುತ್ತದೆ. ಬಿಸಿಲಿನ ಶಕ್ತಿ ರಾಸಾಯನಿಕ ಶಕ್ತಿಯಾಗುವುದು ಈ ಘಟ್ಟದಲ್ಲಿ.

ಎರಡನೇ ಹಂತದಲ್ಲಿ ಆ ಶಕ್ತಿಯನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡ್‌ನಿಂದ ಸಕ್ಕರೆ ಕಟ್ಟಲಾಗುತ್ತದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮೆಲ್ವಿನ್ ಕ್ಯಾಲ್ವಿನ್, ಆಂಡ್ರ್ಯೂ ಬೆನ್ಸನ್ ಮತ್ತು ಜೇಮ್ಸ್ ಬ್ಯಾಶಮ್ ವಿಕಿರಣಶೀಲ ಇಂಗಾಲವನ್ನು ಪಾಚಿಗೆ ಕೊಟ್ಟು, ಅದು ಯಾವ ಯಾವ ಅಣುವಿನಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಹೆಜ್ಜೆ ಹೆಜ್ಜೆಗೂ ಬೆನ್ನುಹತ್ತಿ ಈ ಹಾದಿಯನ್ನು ಕಂಡುಹಿಡಿದರು. ಕ್ಯಾಲ್ವಿನ್‌ಗೆ 1961ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಂತು. ಹೀಗೆ ತಯಾರಾದ ಸಕ್ಕರೆಯ ಒಂದು ಪಾಲು ಸುಕ್ರೋಸ್ ಆಗಿ ತೆನೆಗೆ, ಬೇರಿಗೆ, ಗೆಡ್ಡೆಗೆ ಹರಿದುಹೋಗುತ್ತದೆ. ಇನ್ನೊಂದು ಪಾಲು ಪಿಷ್ಟವಾಗಿ ಎಲೆಯಲ್ಲೇ ಉಳಿದು, ರಾತ್ರಿ ಗಿಡದ ಖರ್ಚಿಗೆ ಒದಗುತ್ತದೆ. ಮುದ್ದೆಯಲ್ಲಿರುವ ಪಿಷ್ಟ ತೆನೆಗೆ ಹರಿದ ಪಾಲಿನದು.

ಗಿಡದ ಸಂಕಟ ಎರಡು

ಇಲ್ಲಿಂದ ಮುಂದಿನದು ಈ ಲೇಖನದ ಜೀವಾಳ. ಗಿಡಕ್ಕೆ ಎರಡು ಕಷ್ಟಗಳಿವೆ, ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ.

ಮೊದಲನೆಯದು ನೀರಿನದು. ಎಲೆಯ ಮೇಲೆ ಪತ್ರರಂಧ್ರಗಳೆಂಬ ಅತಿ ಸಣ್ಣ ಬಾಯಿಗಳಿವೆ. ಗಾಳಿ ಒಳಗೆ ಬರುವುದು ಅಲ್ಲಿಂದಲೇ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಹತ್ತು ಸಾವಿರದಲ್ಲಿ ಸುಮಾರು ನಾಲ್ಕು ಭಾಗ ಮಾತ್ರ. ಅಷ್ಟು ಅಪರೂಪದ ಅನಿಲವನ್ನು ಹಿಡಿಯಲು ಬಾಯಿ ತೆರೆದು ಕೂರಬೇಕು, ತೆರೆದಷ್ಟು ಹೊತ್ತೂ ಒಳಗಿನ ತೇವ ಆವಿಯಾಗಿ ಹೊರಗೆ ಹೋಗುತ್ತದೆ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಹೀಗೆ ಎಲೆಯ ಮೂಲಕ ಹಾರಿಹೋಗುತ್ತದೆ. ದ್ಯುತಿಸಂಶ್ಲೇಷಣೆಗೆಂದು ಒಡೆಯುವ ನೀರು ಅದರ ಮುಂದೆ ಲೆಕ್ಕಕ್ಕೇ ಇಲ್ಲ. ನೀರು ಸಾಲದೆ ಹೋದಾಗ ಗಿಡ ಬಾಯಿ ಮುಚ್ಚುತ್ತದೆ. ನೀರು ಉಳಿಯುತ್ತದೆ, ಇಂಗಾಲ ಬರುವುದು ನಿಲ್ಲುತ್ತದೆ.

ಎರಡನೆಯದು ಒಂದು ಕಿಣ್ವದ ದೌರ್ಬಲ್ಯ. ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ಹಾದಿಗೆ ಸೇರಿಸುವ ಕಿಣ್ವದ ಹೆಸರು ರುಬಿಸ್ಕೊ. ಭೂಮಿಯ ಮೇಲೆ ಅತಿ ಹೆಚ್ಚು ಪ್ರಮಾಣದಲ್ಲಿರುವ ಪ್ರೋಟೀನುಗಳಲ್ಲಿ ಇದೂ ಒಂದು, ಆದರೆ ಕೆಲಸ ನಿಧಾನ: ಸೆಕೆಂಡಿಗೆ ಬೆರಳೆಣಿಕೆಯಷ್ಟು ಅಣುಗಳು. ಅದಕ್ಕೇ ಗಿಡ ಅದನ್ನು ರಾಶಿಗಟ್ಟಲೆ ತಯಾರಿಸಿಟ್ಟುಕೊಳ್ಳಬೇಕು, ಅದಕ್ಕಾಗಿ ಸಾರಜನಕವನ್ನೂ ರಾಶಿಗಟ್ಟಲೆ ಸುರಿಯಬೇಕು. ಇದಕ್ಕಿಂತ ದೊಡ್ಡ ತೊಂದರೆಯೆಂದರೆ ರುಬಿಸ್ಕೊ ಕೆಲವೊಮ್ಮೆ ಇಂಗಾಲದ ಡೈಆಕ್ಸೈಡ್ ಬದಲು ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಆಗ ಬೇಡದ ವಸ್ತು ಹುಟ್ಟಿ, ಅದನ್ನು ಸರಿಪಡಿಸಲು ಗಿಡ ಶಕ್ತಿ ವ್ಯಯಿಸಿ, ಆಗಲೇ ಕಟ್ಟಿದ್ದ ಇಂಗಾಲದಲ್ಲಿ ಒಂದಷ್ಟನ್ನು ಗಾಳಿಗೆ ಬಿಟ್ಟುಕೊಡಬೇಕಾಗುತ್ತದೆ. ಇದಕ್ಕೆ ದ್ಯುತಿಉಸಿರಾಟ ಎಂದು ಹೆಸರು. ಬಿಸಿ ನಾಡಿನ ಭತ್ತದಂಥ ಬೆಳೆಗಳಲ್ಲಿ ಈ ನಷ್ಟ ಹಿಡಿದ ಇಂಗಾಲದ ಕಾಲು ಭಾಗದಷ್ಟಾದರೂ ಆಗಬಹುದು.

ಇಷ್ಟು ಮುಖ್ಯವಾದ ಕಿಣ್ವ ಇಂಥ ಎಡವಟ್ಟು ಮಾಡುವುದೇಕೆ? ರುಬಿಸ್ಕೊ ಹುಟ್ಟಿದ ಕಾಲದಲ್ಲಿ ವಾತಾವರಣದಲ್ಲಿ ಆಮ್ಲಜನಕ ಇರಲೇ ಇಲ್ಲ ಎನ್ನಬಹುದು. ಸುಮಾರು 240 ಕೋಟಿ ವರ್ಷಗಳ ಹಿಂದಿನಿಂದ, ದ್ಯುತಿಸಂಶ್ಲೇಷಣೆ ನಡೆಸುವ ಸೂಕ್ಷ್ಮಜೀವಿಗಳು ಬಿಟ್ಟ ಆಮ್ಲಜನಕವೇ ಗಾಳಿಯಲ್ಲಿ ಕೂಡುತ್ತಾ ಬಂದು ಇಂದು ನೂರಕ್ಕೆ 21 ಭಾಗವಾಗಿದೆ. ಗಾಳಿ ಬದಲಾಯಿತು, ಕಿಣ್ವದ ಮೂಲಗುಣ ಉಳಿದುಕೊಂಡಿತು.

ಈಗ ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡೂ ಸಂಕಟಗಳು ಒಟ್ಟಿಗೆ ಬಂದರೆ ಏನಾಗುತ್ತದೆ ನೋಡಿ. ನೀರು ಉಳಿಸಲು ಎಲೆ ಬಾಯಿ ಮುಚ್ಚುತ್ತದೆ. ಒಳಗಿದ್ದ ಇಂಗಾಲದ ಡೈಆಕ್ಸೈಡ್ ಕರಗುತ್ತಾ ಬರುತ್ತದೆ, ಆಮ್ಲಜನಕ ಹಾಗೇ ಇರುತ್ತದೆ. ಶಾಖ ಏರಿದಂತೆ ರುಬಿಸ್ಕೊ ಇನ್ನಷ್ಟು ತಪ್ಪುತ್ತದೆ. ಬಿಸಿಲು ಧಾರಾಳವಾಗಿದ್ದರೂ ಗಿಡಕ್ಕೆ ಅದರಿಂದ ಲಾಭವಿಲ್ಲ.

ರಾಗಿಯ ಎಲೆಯ ಒಳಮನೆ

ಭತ್ತ, ಗೋಧಿ, ತೊಗರಿ, ಶೇಂಗಾ, ಹತ್ತಿ, ಕಾಫಿ, ಅಡಿಕೆ, ಮಾವು ಎಲ್ಲವೂ ಕ್ಯಾಲ್ವಿನ್ ಕಂಡ ನೇರ ಹಾದಿಯವು. ಅವುಗಳಲ್ಲಿ ಮೊದಲು ಹುಟ್ಟುವ ವಸ್ತುವಿನಲ್ಲಿ ಮೂರು ಇಂಗಾಲದ ಪರಮಾಣುಗಳಿರುವುದರಿಂದ ಅವನ್ನು ಸಿ-3 ಸಸ್ಯಗಳೆನ್ನುತ್ತಾರೆ. ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಮುಸುಕಿನ ಜೋಳ, ಕಬ್ಬು, ಹರಿವೆ ಸೊಪ್ಪು, ಗಣಪತಿಗೆ ಏರಿಸುವ ಗರಿಕೆ ಇವೆಲ್ಲ ಸಿ-4 ಗುಂಪಿನವು. ಇವುಗಳಲ್ಲಿ ಮೊದಲ ವಸ್ತುವಿಗೆ ನಾಲ್ಕು ಇಂಗಾಲ. ಇದು ಮೊದಲು ಬೆಳಕಿಗೆ ಬಂದದ್ದು ಕಬ್ಬಿನ ಎಲೆಯಲ್ಲಿ. ಹವಾಯಿಯ ಕಬ್ಬಿನ ಸಂಶೋಧಕರಿಗೆ ಸುಳಿವು ಸಿಕ್ಕಿತ್ತು, ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಸಕ್ಕರೆ ಕಂಪನಿಯೊಂದರ ಪ್ರಯೋಗಾಲಯದಲ್ಲಿದ್ದ ಹ್ಯಾಲ್ ಹ್ಯಾಚ್ ಮತ್ತು ರೋಜರ್ ಸ್ಲ್ಯಾಕ್ 1966ರಲ್ಲಿ ಪೂರ್ತಿ ಹಾದಿಯನ್ನು ಮುಂದಿಟ್ಟರು.

ರಾಗಿ ಎಲೆಯ ವ್ಯವಸ್ಥೆಯನ್ನು ಹಳೆಯ ಜಗಲಿ ಮನೆಯ ರೀತಿಯಲ್ಲಿ ಊಹಿಸಿಕೊಳ್ಳಿ. ಭತ್ತದಲ್ಲಿ ಬಾಗಿಲಿಂದ ಬಂದ ಗಾಳಿ ನೇರವಾಗಿ ರುಬಿಸ್ಕೊ ಮುಂದೆ ಹೋಗಿ ನಿಲ್ಲುತ್ತದೆ. ರಾಗಿಯಲ್ಲಿ ರುಬಿಸ್ಕೊ ಇರುವುದು ಒಳಮನೆಯಲ್ಲಿ. ಜಗಲಿಯಲ್ಲಿ ಪೆಪ್ ಕಾರ್ಬಾಕ್ಸಿಲೇಸ್ ಎಂಬ ಇನ್ನೊಂದು ಕಿಣ್ವ ಕುಳಿತಿದೆ, ಬಂದವರಲ್ಲಿ ನೆಂಟರನ್ನು ಗುರುತಿಸಿ ಒಳಗೆ ಕರೆದೊಯ್ಯುವ ಮನೆಯ ಹಿರಿಯನಂತೆ. ಅದು ಆಮ್ಲಜನಕವನ್ನು ಎಂದೂ ಹಿಡಿಯುವುದಿಲ್ಲ. ಇಂಗಾಲದ ಡೈಆಕ್ಸೈಡ್ ಎಷ್ಟೇ ಕಡಿಮೆಯಿದ್ದರೂ ಬಿಡುವುದಿಲ್ಲ. ಹಿಡಿದದ್ದನ್ನು ನಾಲ್ಕು ಇಂಗಾಲದ ಆಮ್ಲವಾಗಿಸಿ ಒಳಮನೆಗೆ ದಾಟಿಸುತ್ತದೆ. ಅಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತೆ ಬಿಡುಗಡೆಯಾಗುತ್ತದೆ. ಹೀಗೆ ರುಬಿಸ್ಕೊ ಸುತ್ತ ಅದರ ಸಾಂದ್ರತೆ ಹೊರಗಿನದಕ್ಕಿಂತ ಹಲವು ಪಟ್ಟು ಏರಿ, ಆಮ್ಲಜನಕವನ್ನು ಹಿಡಿಯುವ ತಪ್ಪು ಬಹುಮಟ್ಟಿಗೆ ತಪ್ಪಿಹೋಗುತ್ತದೆ.

ಒಳಮನೆ ಎಂದರೆ ಎಲೆಯ ನರದ ಸುತ್ತ ಉಂಗುರದಂತೆ ಕೂತ ದಪ್ಪ ಗೋಡೆಯ ಜೀವಕೋಶಗಳು. ರಾಗಿಯದೋ ಮುಸುಕಿನ ಜೋಳದದೋ ಒಂದು ಎಲೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಉದ್ದುದ್ದ ನರಗಳು ಒತ್ತೊತ್ತಾಗಿ ಓಡುತ್ತವೆ. ಜೊತೆಗೆ ಭತ್ತದ ಎಲೆಯನ್ನಿಟ್ಟರೆ ಅಲ್ಲಿ ನರಗಳ ನಡುವೆ ಹೆಚ್ಚು ಜಾಗವಿರುವುದು ಕಾಣುತ್ತದೆ. ಸಿ-4 ಎಲೆಯಲ್ಲಿ ಹೊರ ಕೋಶ ಮತ್ತು ಒಳ ಕೋಶ ಅಕ್ಕಪಕ್ಕದಲ್ಲೇ ಇರಬೇಕು, ಆದ್ದರಿಂದ ನರಗಳು ಹತ್ತಿರ ಬಂದಿವೆ.

ನೀರಿನ ಉಳಿತಾಯ ಇದರಿಂದ ತಾನಾಗಿ ಬರುತ್ತದೆ. ಬಾಯಿ ಅರೆ ತೆರೆದಿದ್ದರೂ ರಾಗಿಗೆ ಸಾಕಷ್ಟು ಇಂಗಾಲ ಸಿಗುತ್ತದೆ. ಸ್ಥೂಲ ಲೆಕ್ಕದಲ್ಲಿ, ಒಂದು ಅಣು ಇಂಗಾಲದ ಡೈಆಕ್ಸೈಡ್ ಹಿಡಿಯಲು ಸಿ-3 ಸಸ್ಯ ಸುಮಾರು 400 ಅಣು ನೀರನ್ನು ಆವಿಯಾಗಿಸಿದರೆ ಸಿ-4 ಸಸ್ಯಕ್ಕೆ ಸುಮಾರು 150 ಸಾಕು. ರುಬಿಸ್ಕೊ ಕಡಿಮೆ ಇದ್ದರೂ ನಡೆಯುವುದರಿಂದ ಸಾರಜನಕದಲ್ಲೂ ಉಳಿತಾಯವಿದೆ. ಭೂಮಿಯ ಹೂಬಿಡುವ ಸಸ್ಯ ಜಾತಿಗಳಲ್ಲಿ ಸಿ-4 ಗುಂಪಿನವು ನೂರಕ್ಕೆ ಸುಮಾರು ಮೂರು ಮಾತ್ರ. ಆದರೂ ನೆಲದ ಮೇಲೆ ನಡೆಯುವ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಕಾಲು ಭಾಗದ ಆಸುಪಾಸು ಅವುಗಳದೇ.

ಹಾಗಿದ್ದರೆ ಕಬ್ಬಿಗೇಕೆ ಅಷ್ಟು ನೀರು?

ಮಂಡ್ಯದವರು ಈ ಪ್ರಶ್ನೆ ಕೇಳದೆ ಬಿಡುವುದಿಲ್ಲ, ಕೇಳಬೇಕಾದದ್ದೇ. ಕಬ್ಬೂ ಸಿ-4. ತಾನು ಕಟ್ಟುವ ಪ್ರತಿ ಕಿಲೋ ಒಣ ಪದಾರ್ಥಕ್ಕೆ ಅದು ಖರ್ಚು ಮಾಡುವ ನೀರು ಭತ್ತಕ್ಕಿಂತ ಕಡಿಮೆಯೇ. ಆದರೆ ಕಬ್ಬು ಹೊಲದಲ್ಲಿ ವರ್ಷವಿಡೀ ನಿಲ್ಲುತ್ತದೆ, ಬೇಸಿಗೆಯನ್ನೂ ದಾಟುತ್ತದೆ, ಎಕರೆಗೆ ಹತ್ತಾರು ಟನ್ ಮೈ ಬೆಳೆಸುತ್ತದೆ. ಒಟ್ಟು ಲೆಕ್ಕ ದೊಡ್ಡದಾಗುವುದು ಅದರಿಂದ. ರಾಗಿ ಮೂರೂವರೆ, ನಾಲ್ಕು ತಿಂಗಳಲ್ಲಿ ಕಟಾವಿಗೆ ಬರುತ್ತದೆ. ಇನ್ನು ಗದ್ದೆಯ ನೀರೆಲ್ಲ ಭತ್ತದ ಎಲೆಯಿಂದಲೇ ಹೋಗುವುದಿಲ್ಲ. ದೊಡ್ಡ ಪಾಲು ನೆಲಕ್ಕೆ ಇಂಗುತ್ತದೆ, ನಿಂತಲ್ಲೇ ಆವಿಯಾಗುತ್ತದೆ.

ಸಿ-4 ಆದ ಮಾತ್ರಕ್ಕೆ ಬರ ತಡೆಯುತ್ತದೆ ಎಂದೂ ಅಲ್ಲ. ಮುಸುಕಿನ ಜೋಳ ಹೂಬಿಡುವ ಹೊತ್ತಿಗೆ ನೀರು ತಪ್ಪಿದರೆ ಕಾಳು ಕಟ್ಟುವುದೇ ಇಲ್ಲ. ರಾಗಿ ಮಳೆ ಹಿಂಜರಿದಾಗ ಬೆಳವಣಿಗೆ ತಡೆದು ನಿಂತು, ಮಳೆ ಬಂದೊಡನೆ ಚೇತರಿಸಿಕೊಳ್ಳುತ್ತದೆ. ಈ ಗುಣ ಸಿ-4ರ ಜೊತೆಗೆ ಸೇರಿದ ಅದರ ಸ್ವಂತ ಆಸ್ತಿ.

ಸಿ-4 ಹಾದಿಗೂ ಬೆಲೆಯಿದೆ. ಒಳಮನೆಗೆ ದಾಟಿಸುವ ಕೆಲಸಕ್ಕೆ ಪ್ರತಿ ಅಣುವಿಗೂ ಹೆಚ್ಚುವರಿ ಎಟಿಪಿ ತೆರಬೇಕು. ಬಿಸಿಲು ಹೇರಳವಾಗಿರುವಲ್ಲಿ ಅದು ಭಾರವಲ್ಲ. ಆದರೆ ನೆರಳಿನಲ್ಲಿ, ಚಳಿಯಲ್ಲಿ, ರುಬಿಸ್ಕೊ ತಪ್ಪು ಮಾಡುವುದೇ ಕಡಿಮೆ ಇರುವಲ್ಲಿ ನೇರ ಹಾದಿಯೇ ಅಗ್ಗ. ಗೋಧಿಯನ್ನು ಹಿಂಗಾರಿನ ಚಳಿಯಲ್ಲಿ ಬಿತ್ತುತ್ತೇವೆ. ಮಲೆನಾಡಿನ ಮರಗಳಡಿಯಲ್ಲಿ ಬೆಳೆಯುವ ಕಾಫಿ, ಏಲಕ್ಕಿ, ಮೆಣಸು ಎಲ್ಲವೂ ಸಿ-3.

ರಾತ್ರಿ ಉಸಿರು ಹಿಡಿದಿಡುವವು

ಮೂರನೆಯ ಹಾದಿಯೊಂದಿದೆ. ಜರ್ಮನಿ ಮೂಲದ ಸಸ್ಯವಿಜ್ಞಾನಿ ಬೆಂಜಮಿನ್ ಹೈನ್, ಟಿಪ್ಪುವಿನ ನಂತರದ ವರ್ಷಗಳಲ್ಲಿ ಲಾಲ್‌ಬಾಗನ್ನು ಕೆಲಕಾಲ ನೋಡಿಕೊಂಡವನು, ಭಾರತದಲ್ಲಿದ್ದಾಗ ಕಾಡುಬಸಳೆಯ (ಎಲೆಯ ಅಂಚಿನಲ್ಲೇ ಮರಿಗಿಡ ಹುಟ್ಟುತ್ತದಲ್ಲ, ಅದೇ) ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ರುಚಿ ನೋಡಿದ. ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ. 1810ರ ದಶಕದಲ್ಲಿ ಇದನ್ನು ಲಂಡನ್ನಿನ ಲಿನ್ನಿಯನ್ ಸೊಸೈಟಿಯವರಿಗೆ ತಿಳಿಸಿದ. ಆ ಗಿಡ ಪತ್ರರಂಧ್ರಗಳನ್ನು ತೆರೆಯುವುದು ತಂಪಾದ ರಾತ್ರಿಯಲ್ಲಿ. ಹಿಡಿದ ಇಂಗಾಲವನ್ನು ಆಮ್ಲವಾಗಿ ಕೂಡಿಟ್ಟು, ಹಗಲು ಬಾಯಿ ಮುಚ್ಚಿಕೊಂಡೇ ಬಿಸಿಲಿನಲ್ಲಿ ಸಕ್ಕರೆಯಾಗಿಸುತ್ತದೆ. ಅನಾನಸ್, ಲೋಳೆಸರ, ಪಾಪಾಸುಕಳ್ಳಿ, ಈಚೆಗೆ ನಮ್ಮಲ್ಲಿ ಹಬ್ಬುತ್ತಿರುವ ಡ್ರ್ಯಾಗನ್ ಫ್ರೂಟ್ ಇದೇ ಕ್ಯಾಮ್ ಗುಂಪಿನವು. ಸಿ-3ಕ್ಕೆ 400 ಅಣು ನೀರು ಬೇಕಾದಲ್ಲಿ ಇವಕ್ಕೆ 50ರಷ್ಟು ಸಾಕು, ಆದರೆ ಬೆಳವಣಿಗೆ ಸಾಮಾನ್ಯವಾಗಿ ನಿಧಾನ. ಹೊಲದ ಬದುವಿನಲ್ಲಿ ಹಬ್ಬುವ ಗೋಣಿ ಸೊಪ್ಪಂತೂ ಸಿ-4 ಹಾದಿಯನ್ನೂ ನಡೆಸಿ, ನೀರು ಬತ್ತಿದಾಗ ಕ್ಯಾಮ್ ಹಾದಿಯನ್ನೂ ಬಳಸುತ್ತದೆ. ಇಂಥ ಸಸ್ಯಗಳು ಬಹಳ ಅಪರೂಪ.

ಗಾಳಿ ಬದಲಾಗುತ್ತಿರುವಾಗ

ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು, ಈಗ 420 ದಾಟಿದೆ. ಹೆಚ್ಚಿದ ಈ ಅನಿಲ ಭತ್ತದಂಥ ಸಿ-3 ಬೆಳೆಗೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಬೇರೇನೂ ಬದಲಾಗದಿದ್ದರೆ ಹೌದು, ರುಬಿಸ್ಕೊ ತಪ್ಪು ಮಾಡುವುದು ಕಡಿಮೆಯಾಗುತ್ತದೆ. ಆದರೆ ಜೊತೆಗೆ ಶಾಖವೂ ಏರುತ್ತಿದೆ, ಮಳೆಯ ಲಯವೂ ತಪ್ಪುತ್ತಿದೆ. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಳ್ಳುತ್ತದೆ. ಹೆಚ್ಚು ಇಂಗಾಲದ ಡೈಆಕ್ಸೈಡ್‌ನಲ್ಲಿ ಬೆಳೆಸಿದ ಭತ್ತ, ಗೋಧಿಗಳ ಕಾಳಿನಲ್ಲಿ ಪ್ರೋಟೀನ್, ಸತು, ಕಬ್ಬಿಣದ ಅಂಶ ಇಳಿಯುವುದನ್ನು ಹೊಲದ ಪ್ರಯೋಗಗಳು ತೋರಿಸಿವೆ. ಅನ್ನವನ್ನೇ ನೆಚ್ಚಿಕೊಂಡ ಮನೆಗಳಿಗೆ ಇದು ಚಿಂತೆಯ ವಿಷಯ. ಸಿ-4 ಬೆಳೆಗಳಲ್ಲಿ ಈ ಇಳಿಕೆ ಅಷ್ಟಾಗಿ ಕಂಡಿಲ್ಲ, ಇಳುವರಿಯ ಲಾಭವೂ ಅಷ್ಟಾಗಿ ಇಲ್ಲ.

ಭತ್ತಕ್ಕೇ ರಾಗಿಯ ಹಾದಿಯನ್ನು ಕಲಿಸಬಹುದೇ? ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಒಂದು ಯೋಜನೆ ಹಲವು ದೇಶಗಳ ವಿಜ್ಞಾನಿಗಳನ್ನು ಸೇರಿಸಿಕೊಂಡು ಇದನ್ನೇ ಬೆನ್ನುಹತ್ತಿದೆ. ನಿಸರ್ಗದಲ್ಲಿ ಸಿ-4 ಹಾದಿ ಅರವತ್ತಕ್ಕೂ ಹೆಚ್ಚು ಬಾರಿ ಬೇರೆ ಬೇರೆ ಸಸ್ಯವಂಶಗಳಲ್ಲಿ ತಾನಾಗಿ ಹುಟ್ಟಿದೆ ಎಂಬುದು ಅವರ ಆಸೆಗೆ ಆಧಾರ. ಸಿ-4 ಕಿಣ್ವಗಳ ವಂಶವಾಹಿಗಳನ್ನು ಭತ್ತಕ್ಕೆ ಸೇರಿಸುವುದು ಸಾಧ್ಯವಾಗಿದೆ. ಕಷ್ಟವಿರುವುದು ಎಲೆಯ ಕಟ್ಟಡದಲ್ಲಿ: ನರಗಳನ್ನು ಹತ್ತಿರ ತರಬೇಕು, ಅವುಗಳ ಸುತ್ತಲಿನ ಕೋಶಗಳಲ್ಲಿ ಕ್ಲೋರೋಪ್ಲಾಸ್ಟ್ ತುಂಬಬೇಕು, ಹೊರ ಕೋಶಗಳಲ್ಲಿ ರುಬಿಸ್ಕೊ ಇಲ್ಲದಂತೆ ಮಾಡಬೇಕು. ಇದಕ್ಕೆ ಒಂದೆರಡಲ್ಲ, ಹಲವು ವಂಶವಾಹಿಗಳು ಒಟ್ಟಿಗೆ ಹೊಂದಿಕೊಂಡು ಕೆಲಸ ಮಾಡಬೇಕು. ರೈತರ ಕೈಗೆ ಕೊಡುವಂಥ ಸಿ-4 ಭತ್ತದ ತಳಿ ಇನ್ನೂ ಬಂದಿಲ್ಲ.